ನಮ್ಮ ನಾಟಕದ 22 ಹಾಡುಗಳಲ್ಲಿ ಆಲ್ಬಂಗೆ ಯಾವ 10 ಹಾಕಬೇಕು? ತಂಡದಲ್ಲಿ ಓಟು ಹಾಕಿಸುತ್ತಿದ್ದೇವೆ, ಸರಿಯಾ?

ಸರಿಯಲ್ಲ. ಓಟು ಹಾಕಿಸುವುದನ್ನು ಇವತ್ತೇ ನಿಲ್ಲಿಸಿ. ನಿಮ್ಮ ಪ್ರಶ್ನೆ ಓದುತ್ತಾ ನಮ್ಮ ತಂಡದ ಯಾರೋ ಹಳೇ ಮೆಸೇಜು ಕಳಿಸಿದ್ದಾರೇನೋ ಅನ್ನಿಸಿತು. ನಾವೂ ಹವ್ಯಾಸಿಗಳೇ. ಹಗಲು ಬ್ಯಾಂಕು, ಶಾಲೆ, ಅಂಗಡಿ, ಸಂಜೆ ತಾಲೀಮು. ನಮ್ಮ ನಾಟಕವೂ ಹಾಡಿನ ನಾಟಕ. ನಾವೂ ಹೋಟೆಲಿನಲ್ಲಿ ಕೂತು, ಕಾಫಿ ಕುಡಿಯುತ್ತಾ, ಚೀಟಿಯ ಮೇಲೆ ಹಾಡಿನ ಹೆಸರು ಬರೆದು ಕೈ ಎತ್ತಿಸಿದೆವು. ಪಟ್ಟಿ ತಯಾರಿಸಿದವನು ನಾನೇ.

ನಾವು ಆಡುತ್ತಿದ್ದದ್ದು ‘ಕೆರೆಗೆ ಹಾರ’ ಲಾವಣಿಯ ಕಥೆ. ಶಾಲೆಯಲ್ಲಿ ಓದಿರುತ್ತೀರಿ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ. ಶಾಸ್ತ್ರದ ಹೊತ್ತಿಗೆ ತೆಗೆಸಿ ಕೇಳಿದರೆ ಸೊಸೆಯನ್ನು ಹಾರ, ಅಂದರೆ ಬಲಿ, ಕೊಡಬೇಕು ಅನ್ನುತ್ತಾರೆ. ಹಿರಿಸೊಸೆಯನ್ನು ಕೊಟ್ಟರೆ ಮನೆಗೆ ಹಿರಿತನಕ್ಕೆ ಯಾರೂ ಇರುವುದಿಲ್ಲ, ಹಾಗಾಗಿ ಕಿರಿಸೊಸೆ ಭಾಗೀರಥಿ. ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ. ಪೂಜೆ ಮುಗಿಸಿ ಎಲ್ಲರೂ ಹೊರಟ ಮೇಲೆ ಕೆರೆಯಲ್ಲಿ ಬಂಗಾರದ ಬಟ್ಟಲು ಮರೆತು ಬಂದೆವು ಎಂಬ ಮಾತು ಬರುತ್ತದೆ. ತರಲು ಬೇರೆ ಯಾರೂ ಹೋಗುವುದಿಲ್ಲ, ಅವಳೇ ಹೋಗುತ್ತಾಳೆ. ಅವಳು ಒಂದೊಂದು ಮೆಟ್ಟಿಲು ಹತ್ತಿದ ಹಾಗೂ ನೀರು ಪಾದದಿಂದ ಮೇಲಕ್ಕೆ ಏರುತ್ತದೆ. ಆಮೇಲೆ ಮಾದೇವರಾಯ ಬಂದು ತಾನೂ ಅದೇ ಕೆರೆಗೆ ಹಾರುತ್ತಾನೆ.

ನಮ್ಮ ನಾಟಕ ಕೆರೆ ಅಗೆಯುವ ಹಾಡಿನಿಂದ ಶುರುವಾಗುತ್ತಿತ್ತು. ಇಡೀ ಮೇಳ ರಂಗದ ಮೇಲೆ, ಗುದ್ದಲಿ, ಬುಟ್ಟಿ, ಡೊಳ್ಳು. ಕೇಳಿದವರ ಕಾಲು ತಾನಾಗಿ ಕುಣಿಯುವಂಥ ಮಟ್ಟು. ಕೊನೆಯ ಮೆಟ್ಟಿಲ ದೃಶ್ಯದಲ್ಲಿ ಅದೇ ಮಟ್ಟು ಮತ್ತೆ ಬರುತ್ತಿತ್ತು. ಈ ಸಲ ಡೊಳ್ಳಿಲ್ಲ, ಹಾರ್ಮೋನಿಯಂ ಇಲ್ಲ. ಹೆಂಗಸರು ಮಾತ್ರ, ತುಂಬಾ ನಿಧಾನಕ್ಕೆ, ಒಂದು ಮೆಟ್ಟಿಲಿಗೆ ಒಂದು ಸಾಲು. ಭಾಗೀರಥಿ ಅರ್ಧ ಮಾತು, ಅರ್ಧ ಹಾಡು. ಹಾರೆ ಏಟಿನ ಜಾಗದಲ್ಲಿ ಹೆಂಗಸರು ಅಂಗೈಯಿಂದ ಎದೆ ತಟ್ಟಿಕೊಳ್ಳುತ್ತಿದ್ದರು, ಅಷ್ಟೇ ಸದ್ದು. ಎರಡು ನಿಮಿಷವೂ ಇಲ್ಲದ ತುಂಡು ಅದು. ಊರಿಗೆಲ್ಲಾ ಖುಷಿ ಕೊಟ್ಟ ಹಾಡೇ ಇವಳನ್ನು ಮುಳುಗಿಸಿತು ಅಂತ ಜನರಿಗೆ ಆಗ ಹೊಳೆಯುತ್ತಿತ್ತು.

ಆ ತುಂಡು ಆಲ್ಬಂನಲ್ಲಿ ಇಲ್ಲ.

ಬೇಡ ಅಂತ ಯಾರೂ ಹೇಳಲಿಲ್ಲ, ಅದು ಪಟ್ಟಿಗೇ ಬರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮಗೂ ಆಗುವುದು ಇದೇ. ನಮ್ಮ ಸ್ಕ್ರಿಪ್ಟಿನಲ್ಲಿ ಹಾಡುಗಳಿಗೆಲ್ಲ ಹೆಸರಿತ್ತು: ಅಗೆತದ ಹಾಡು, ಗೆಳತಿಯ ಹಾಡು, ದಂಡಿನ ಹಾಡು ಅಂತ. ಮೆಟ್ಟಿಲ ದೃಶ್ಯದಲ್ಲಿ ಮಾತ್ರ ನಿರ್ದೇಶಕರು ಅಂಚಿನಲ್ಲಿ ಪೆನ್ಸಿಲಿನಿಂದ ‘ಮೇಳ, ಮೊದಲಿನ ಮಟ್ಟು’ ಅಂತ ಬರೆದಿದ್ದರು. ನಾನು ಸ್ಕ್ರಿಪ್ಟು ತಿರುಗಿಸುತ್ತಾ ಅಡಿಗೆರೆ ಎಳೆದ ಹೆಸರುಗಳನ್ನಷ್ಟೇ ಇಳಿಸಿಕೊಂಡೆ. ಹೆಸರಿಲ್ಲದ್ದು ಬಿಟ್ಟುಹೋಯಿತು. ಸ್ಟುಡಿಯೋದಲ್ಲಿ ಭಾಗೀರಥಿ ಪಾತ್ರದವರು ಒಂದು ಸಲ ಕೇಳಿದ್ದರು, ‘ಮೆಟ್ಟಿಲದ್ದು ಯಾವಾಗ?’ ಅಂತ. ಗಂಟೆ ಲೆಕ್ಕದಲ್ಲಿ ಬಾಡಿಗೆ ಓಡುತ್ತಿತ್ತು. ‘ಅದೇ ಮಟ್ಟು ಆಗಲೇ ಮೊದಲನೇ ಹಾಡಲ್ಲಿ ಬಂದಿದೆಯಲ್ಲ, ಎರಡು ಸಲ ಯಾಕೆ’ ಅಂದುಬಿಟ್ಟೆ. ಅವರು ಸುಮ್ಮನಾದರು. ಅವರಿಗೆ ಆಲ್ಬಂನಲ್ಲಿ ಉಳಿದದ್ದು ಗೆಳತಿಯ ಜೊತೆಗಿನ ಒಂದು ಹಾಡು ಮಾತ್ರ.

ಮಟ್ಟು ಒಂದೇ ಆದರೆ ಹಾಡೂ ಒಂದೇ ಅಂದುಕೊಂಡೆ ನೋಡಿ, ಎಡವಿದ್ದು ಅಲ್ಲಿ. ಸಿನಿಮಾ ಕ್ಯಾಸೆಟ್ಟು ಕೇಳಿ ಬೆಳೆದ ಕಿವಿ ನಮ್ಮದು. ಕ್ಯಾಸೆಟ್ಟಿನಲ್ಲಿ ಆರು ಹಾಡು, ಒಂದಕ್ಕೊಂದು ಸಂಬಂಧ ಬೇಕಿಲ್ಲ. ಕಥೆ ಬೇಕಾದವರು ಟಾಕೀಸಿಗೆ ಹೋಗುತ್ತಾರೆ, ಇವತ್ತಲ್ಲ ನಾಳೆ ಟೀವಿಯಲ್ಲಿ ನೋಡುತ್ತಾರೆ. ಹವ್ಯಾಸಿ ನಾಟಕಕ್ಕೆ ಆ ಭಾಗ್ಯ ಇಲ್ಲ. ನಾಲ್ಕಾರು ಪ್ರದರ್ಶನ ಆಗುತ್ತದೆ. ಆಮೇಲೆ ಒಬ್ಬರಿಗೆ ವರ್ಗಾವಣೆ, ಒಬ್ಬರಿಗೆ ಮದುವೆ, ಇನ್ನೊಬ್ಬರಿಗೆ ಮಂಡಿ ನೋವು. ಉಳಿಯುವುದು ಆಲ್ಬಂ ಒಂದೇ. ನಮ್ಮ ಆಲ್ಬಂನಲ್ಲಿ ಕೆರೆ ಅಗೆಯುತ್ತಾರೆ, ಗೆಳತಿಯ ಹತ್ತಿರ ಭಾಗೀರಥಿ ಅಳುತ್ತಾಳೆ, ಪೂಜೆಗೆ ಹೊರಡುತ್ತಾರೆ. ಮುಂದಿನ ಹಾಡಿನಲ್ಲಿ ಮಾದೇವರಾಯ ಹೆಂಡತಿಯನ್ನು ಹುಡುಕುತ್ತಿದ್ದಾನೆ. ‘ಕೆರೆಗೆ ಹಾರ’ದ ಆಲ್ಬಂನಲ್ಲಿ ಭಾಗೀರಥಿ ಕೆರೆಗೆ ಹಾರವಾಗುವುದೇ ಇಲ್ಲ!

ಆಗ ಇದು ಯಾರಿಗೂ ಹೊಳೆಯಲಿಲ್ಲ. ಕೇಳುವವರೆಲ್ಲ ನಾಟಕ ನೋಡಿದವರೇ ಆಗಿದ್ದರಿಂದ ಬಿಟ್ಟ ಜಾಗವನ್ನು ಅವರವರೇ ತುಂಬಿಕೊಳ್ಳುತ್ತಿದ್ದರು. ಗೊತ್ತಾಗಿದ್ದು ಆಮೇಲೆ, ಒಂದು ಕಾಲೇಜಿನ ಹುಡುಗರು ನಮ್ಮ ಆಲ್ಬಂ ಇಟ್ಟುಕೊಂಡೇ ನೃತ್ಯರೂಪಕ ಮಾಡಿದಾಗ. ಪ್ರೀತಿಯಿಂದ ಕರೆದಿದ್ದರು, ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಕೊನೆಗೆ ಅವರಿಗೆ ನೀರು ಬರುವ ದೃಶ್ಯಕ್ಕೆ ಹಾಡು ಬೇಕಾಗಿತ್ತು. ಆಲ್ಬಂನಲ್ಲಿ ಇಲ್ಲ. ಪಾಪ, ಇರುವುದರಲ್ಲೇ ಹೊಂದಿಸಿದ್ದರು: ಅಗೆತದ ಹಾಡನ್ನೇ ಇನ್ನೊಮ್ಮೆ ಹಾಕಿದರು. ನೀಲಿ ಸೀರೆಯನ್ನು ಎರಡೂ ಕಡೆಯಿಂದ ಹಿಡಿದು ಅಲೆ ಎಬ್ಬಿಸುತ್ತಾ, ಭರ್ಜರಿ ಡೊಳ್ಳಿಗೆ ಹೆಜ್ಜೆ ಹಾಕುತ್ತಾ, ಆ ಹುಡುಗಿಯ ಕುತ್ತಿಗೆವರೆಗೂ ನೀರು ತಂದರು. ಸಭೆ ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿತು. ನನ್ನ ಪಕ್ಕದಲ್ಲಿ ನಮ್ಮ ನಿರ್ದೇಶಕರು ಕೂತಿದ್ದರು. ನಾನು ಆ ಕಡೆ ತಿರುಗಲಿಲ್ಲ. ಹುಡುಗರನ್ನು ಬೈಯುವ ಹಾಗಿರಲಿಲ್ಲ, ನಾವು ಕೊಟ್ಟದ್ದನ್ನೇ ಅವರು ಆಡಿದ್ದರು.

ಮತ್ತೆ ರೆಕಾರ್ಡ್ ಮಾಡೋಣ ಅಂದರೆ ಆ ಹೆಂಗಸರ ಮೇಳ ಚದುರಿಹೋಗಿತ್ತು. ಕೂಡಿಸಿದ ದುಡ್ಡೂ ಖರ್ಚಾಗಿತ್ತು.

ಈಗ ನಿಮ್ಮ ಪ್ರಶ್ನೆಗೆ. ಹತ್ತೇ ಯಾಕೆ? ಆ ಲೆಕ್ಕ ಎಲ್ಲಿಂದ ಬಂತು? ಹಿಂದೆ ಜಾಗ ಇರಲಿಲ್ಲ, ಅದಕ್ಕೆ ಕತ್ತರಿಸುತ್ತಿದ್ದರು. ಹಳೇ ಗ್ರಾಮಫೋನಿನ 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಮೂರು ಚಿಲ್ಲರೆ ನಿಮಿಷ. ನಮ್ಮ ಕಂಪನಿ ನಾಟಕಗಳಲ್ಲಿ ‘ಒನ್ಸ್ ಮೋರ್’ ಕೂಗಿಸಿಕೊಂಡು ಎಷ್ಟೋ ಹೊತ್ತು ಹಾಡುತ್ತಿದ್ದದ್ದನ್ನು ತಟ್ಟೆಗೆ ಬಂದಾಗ ಅಷ್ಟರಲ್ಲೇ ಹಿಸುಕಬೇಕಿತ್ತು. ಅಮೆರಿಕದ ದೊಡ್ಡ ನಾಟಕಗಳ ಬೀದಿ ಬ್ರಾಡ್‌ವೇಯಲ್ಲಿ 1943ರಲ್ಲಿ ‘ಒಕ್ಲಹಾಮ’ ಅನ್ನುವ ಹಾಡಿನ ನಾಟಕ ಬಂದಾಗ ಡೆಕ್ಕಾ ಎಂಬ ರೆಕಾರ್ಡ್ ಕಂಪನಿ ಮೂಲ ಕಲಾವಿದರನ್ನೇ ಹಾಡಿಸಿ ಇಂಥ ತಟ್ಟೆಗಳ ಒಂದು ಕಟ್ಟು ತಂದಿತು. ಸಿಕ್ಕಾಪಟ್ಟೆ ಮಾರಾಟವಾಯಿತು. ಬಿಟ್ಟಿದ್ದ ಮೂರು ಹಾಡುಗಳಿಗೆ ಆಮೇಲೆ ಎರಡನೇ ಕಟ್ಟು ತರಬೇಕಾಯಿತು. 1948ರಲ್ಲಿ ಹೆಚ್ಚು ಹೊತ್ತು ಓಡುವ ತಟ್ಟೆ, ಅಂದರೆ ಎಲ್‌ಪಿ ಬಂದು ಜಾಗ ಹೆಚ್ಚಿತು. ಆದರೂ 1971ರಲ್ಲಿ ಅಲ್ಲಿನ ಸಂಗೀತಕಾರ ಸಾಂಡ್‌ಹೈಮ್ ಅವರ ‘ಫಾಲೀಸ್’ ನಾಟಕವನ್ನು ಒಂದೇ ಎಲ್‌ಪಿಗೆ ತುರುಕಿದರು. ಕೆಲವು ಹಾಡು ಮೊಟಕಾದವು, ಕೆಲವು ಬಿಟ್ಟೇಹೋದವು. ಅಭಿಮಾನಿಗಳು ಅದನ್ನು ಇವತ್ತಿಗೂ ಹಲ್ಲು ಕಡಿದುಕೊಂಡೇ ನೆನೆಯುತ್ತಾರೆ. 1985ರಲ್ಲಿ ನ್ಯೂಯಾರ್ಕಿನಲ್ಲಿ ದೊಡ್ಡ ವಾದ್ಯವೃಂದ ಇಟ್ಟುಕೊಂಡು ಆ ಹಾಡುಗಳನ್ನೆಲ್ಲ ಕಛೇರಿ ರೂಪದಲ್ಲಿ ಹಾಡಿಸಿ, ರೆಕಾರ್ಡ್ ಮಾಡಿದರು.

ನಿಮಗೆ ತಟ್ಟೆಯೂ ಇಲ್ಲ, ಬದಿಯೂ ಇಲ್ಲ. ಹಾಕುವುದು ಫೋನಿನಲ್ಲಿ ಕೇಳುವವರಿಗೆ. ನಿಮ್ಮನ್ನು ತಡೆಯುವುದು ಸ್ಟುಡಿಯೋ ಬಾಡಿಗೆ ಒಂದೇ. ಬಾಡಿಗೆಯನ್ನು ನುಂಗುವುದು ಉದ್ದದ ಹಾಡುಗಳು, ಹತ್ತು ಸಲ ತಪ್ಪುವ ಕೋರಸ್ಸುಗಳು. ತುಂಡು ಹಾಡುಗಳಿಗೆ ಖರ್ಚು ಜಾಸ್ತಿ ಇಲ್ಲ.

ಹಾಗಂತ ಎಲ್ಲಾ ಸುರಿಯಿರಿ ಅನ್ನುತ್ತಿಲ್ಲ. ‘ದಿ ಮೋಸ್ಟ್ ಹ್ಯಾಪಿ ಫೆಲ್ಲಾ’ ಅಂತ ಒಂದು ನಾಟಕವನ್ನು 1956ರಲ್ಲಿ ಮಾತಿನ ಸಮೇತ ಮೂರು ಎಲ್‌ಪಿಗಳಲ್ಲಿ ತಂದರು. ಅದು ಹೆಚ್ಚುಕಮ್ಮಿ ಪೂರ್ತಿ ಹಾಡೇ ಇರುವ ನಾಟಕ, ಅದಕ್ಕೆ ನಡೆಯಿತು. ನಿಮ್ಮದರಲ್ಲಿ ಮಾತು ಎಷ್ಟಿದೆ ನೀವೇ ನೋಡಿ. ನಾನಾಗಿದ್ದರೆ ಹೀಗೆ ಮಾಡುತ್ತೇನೆ: ಮುಂದಿನ ಪ್ರದರ್ಶನವನ್ನು ಶುರುವಿನಿಂದ ಮಂಗಳದವರೆಗೆ ಫೋನಿನಲ್ಲಿ ರೆಕಾರ್ಡ್ ಮಾಡಿ. ನಾಟಕ ನೋಡದ ಒಬ್ಬರಿಗೆ ಹಾಡಿನ ಭಾಗಗಳನ್ನಷ್ಟೇ ಕೇಳಿಸಿ. ‘ಅಲ್ಲ, ಇವನ್ಯಾಕೆ ಅಳುತ್ತಿದ್ದಾನೆ?’ ಅಂತ ಅವರು ಎಲ್ಲಿ ಕೇಳುತ್ತಾರೋ ಅಲ್ಲಿ ಗುರುತು ಹಾಕಿ. ಅಲ್ಲಿ ಬಿಟ್ಟುಹೋಗಿರುವುದು ಯಾವುದೋ ಹೆಸರಿಲ್ಲದ ತುಂಡು, ಇಲ್ಲವೇ ಎರಡು ಸಾಲು ಮಾತು. ಅದನ್ನು ಮೊದಲು ಪಟ್ಟಿಗೆ ಸೇರಿಸಿ. ‘ಹಿಟ್’ ಹಾಡುಗಳ ಬಗ್ಗೆ ಆಮೇಲೆ ಯೋಚಿಸಿ, ಅವು ಹೇಗೂ ಬರುತ್ತವೆ. ಓಟಿನಲ್ಲಿ ಗೆಲ್ಲುವುದು ಯಾವಾಗಲೂ ಡೊಳ್ಳಿನ ಹಾಡು. ಮೆಟ್ಟಿಲ ಹಾಡಿಗೆ ಓಟು ಬೀಳುವುದಿಲ್ಲ.

ಬಿ.ವಿ. ಕಾರಂತರ ರಂಗಗೀತೆಗಳನ್ನು ಬಿಡಿಬಿಡಿಯಾಗಿ ಎಲ್ಲರೂ ಹಾಡುತ್ತಾರಲ್ಲ, ನಾಟಕ ಗೊತ್ತಿಲ್ಲದವರೂ ಶಾಲಾ ವಾರ್ಷಿಕೋತ್ಸವದಲ್ಲಿ ಹಾಡುತ್ತಾರಲ್ಲ ಅಂತ ಯಾರಾದರೂ ಕೇಳಬಹುದು. ನಿಜ. ಆ ಹಾಡುಗಳು ಎಷ್ಟೋ ವರ್ಷ ರಂಗದ ಮೇಲೆ ಓಡಾಡಿ, ಬಾಯಿಂದ ಬಾಯಿಗೆ ಹೋಗಿ ಆಮೇಲೆ ಆಲ್ಬಂ ಸೇರಿದವು. ನಿಮ್ಮ ನಾಟಕಕ್ಕೆ ಇನ್ನೂ ಆ ಓಡಾಟ ಆಗಿಲ್ಲ.

ಮಾತಿನ ವಿಷಯ. ಹಾಡಿನೊಳಗೆ ಕಾಲಿಡುವ ಮಾತು ಇರಲಿ, ಉಳಿದದ್ದು ಬೇಡ. ಅತ್ತೆ ಒಂದು ಮಾತು ಅನ್ನುತ್ತಾಳೆ, ಅದಕ್ಕೆ ಉತ್ತರವಾಗಿ ಸೊಸೆಯ ಪಲ್ಲವಿ ಎದ್ದೇಳುತ್ತದೆ ಅಂದರೆ ಆ ಮಾತು ಹಾಡಿನದ್ದೇ. ಹಾಸ್ಯದ ದೃಶ್ಯ ಮಾತ್ರ ಖಂಡಿತ ಬೇಡ. ರಂಗದ ಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ್ದು ಎರಡನೇ ಸಲ ಕಿವಿಯಲ್ಲಿ ಕೇಳಿದರೆ ಸಪ್ಪೆ, ಮೂರನೇ ಸಲ ಹಿಂಸೆ.

ತುಂಡುಗಳನ್ನು ಬೇರೆ ಟ್ರ್ಯಾಕ್ ಮಾಡಬೇಡಿ, ಮುಂದಿನ ಹಾಡಿನ ತಲೆಗೆ ಅಂಟಿಸಿ. ಸ್ಪಾಟಿಫೈನಂಥ ಹಾಡು ಕೇಳುವ ಆ್ಯಪ್‌ಗಳಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸಲ ಕೇಳಿದ್ದು ಅಂತ ಲೆಕ್ಕ. 20 ಸೆಕೆಂಡಿನ ತುಂಡು ಒಂಟಿಯಾಗಿ ಕೂತರೆ ಅದನ್ನು ದಾಟಿಸಿಕೊಂಡು ಹೋಗುವವರೇ ಜಾಸ್ತಿ. ನಮ್ಮ ಮೆಟ್ಟಿಲ ಹಾಡಿನಂಥದ್ದು ಇದ್ದರೆ ಅದನ್ನು ಮಾತ್ರ ಒಂಟಿಯಾಗಿ ಬಿಡಿ, ಒಂದು ಹೆಸರನ್ನೂ ಇಡಿ.

ಪ್ರಶ್ನೆಯ ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿದ್ದೀರಿ: ಖಳನ ಪಾತ್ರದವರ ದನಿ ಒರಟು, ಅವರ ಹಾಡನ್ನು ನಾಯಕನಿಂದಲೋ ಸುಗಮ ಸಂಗೀತದ ಗಾಯಕರಿಂದಲೋ ಹಾಡಿಸಬಹುದೇ ಅಂತ. ಬೇಡ ಮಾರಾಯ್ರೇ. ‘ಒಕ್ಲಹಾಮ’ದ ಎರಡನೇ ಕಟ್ಟಿನಲ್ಲಿ ಇದೇ ಆಗಿದೆ. ಜಡ್ ಅನ್ನುವವನು ತನ್ನ ಕತ್ತಲೆ ಕೋಣೆಯಲ್ಲಿ ಒಬ್ಬನೇ ಹಾಡಿಕೊಳ್ಳುವ ಹಾಡನ್ನು ಅವನ ಎದುರಾಳಿ, ಅಂದರೆ ನಾಯಕನ ಪಾತ್ರ ಮಾಡಿದ ಆಲ್ಫ್ರೆಡ್ ಡ್ರೇಕ್ ಹಾಡಿದ್ದಾರೆ. ಚೆನ್ನಾಗೇ ಹಾಡಿದ್ದಾರೆ, ಆದರೆ ಜಡ್ ಕಾಣುವುದಿಲ್ಲ. ನಿಮ್ಮ ಖಳನನ್ನು ಒರಟಾಗೇ ಬಿಡಿ. ಶ್ರುತಿ ತೀರಾ ಬಿಟ್ಟರೆ ಇನ್ನೆರಡು ಸಲ ಹಾಡಿಸಿ. ರೆಕಾರ್ಡಿಸ್ಟು ‘ಸ್ವಲ್ಪ ಕೀಬೋರ್ಡ್ ತುಂಬಿಸೋಣ ಸಾರ್’ ಅಂದರೂ ಬೇಡ ಅನ್ನಿ. ನಮ್ಮದರಲ್ಲಿ ತುಂಬಿಸಿದ್ದಾರೆ. ಕಲ್ಲನಕೇರಿಯಲ್ಲಿ ಪಿಟೀಲು ವಾದ್ಯವೃಂದ!

ಬಿಡುವುದೇ ತಪ್ಪು ಅಂತಲೂ ಅಲ್ಲ. ಬ್ರಾಡ್‌ವೇ ನಾಟಕ ‘ಹ್ಯಾಮಿಲ್ಟನ್’ನ 2015ರ ಆಲ್ಬಂನಲ್ಲಿ 46 ಟ್ರ್ಯಾಕ್ ಇವೆ, ನಾಟಕ ಹೆಚ್ಚುಕಮ್ಮಿ ಪೂರ್ತಿ ಇದೆ. ಗೆಳೆಯನ ಸಾವಿನ ಸುದ್ದಿ ಬರುವ ಒಂದು ಚಿಕ್ಕ ದೃಶ್ಯವನ್ನು ಮಾತ್ರ ಆ ನಾಟಕ ಬರೆದ ಲಿನ್-ಮಾನ್ಯುಯೆಲ್ ಮಿರಾಂಡಾ ಬೇಕೆಂದೇ ಹೊರಗಿಟ್ಟರು. ಅದು ರಂಗದ ಮೇಲೆಯೇ ಸಿಗಲಿ ಅಂತ. ಅಂಥ ಆಲೋಚನೆ ನಿಮಗಿದ್ದರೆ ಬಿಡಿ. ಅವರ ನಾಟಕ ಮಾತ್ರ ವರ್ಷಗಟ್ಟಲೆ ನಡೆಯುತ್ತದೆ, ಹೋಗಿ ನೋಡಬಹುದು ಅನ್ನುವುದು ನೆನಪಿರಲಿ.

ಇನ್ನು ಅನುಮತಿ. ನಡುವೆ ಒಂದು ಕುವೆಂಪು ಪದ್ಯ ಬಳಸಿದ್ದೇವೆ ಅಂದಿದ್ದೀರಿ. ನಮ್ಮ ದೇಶದಲ್ಲಿ ಕೃತಿಯ ಹಕ್ಕು (ಕಾಪಿರೈಟ್) ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅಂದರೆ 2054 ಮುಗಿಯುವವರೆಗೆ ಹಕ್ಕುದಾರರನ್ನು ಕೇಳಲೇಬೇಕು. ರಂಗದ ಮೇಲೆ ಹಾಡಲು ಒಪ್ಪಿಗೆ ಪಡೆದಿದ್ದರೂ ರೆಕಾರ್ಡಿಗೆ ಬೇರೆ ಕೇಳಿ. ವಚನ, ದಾಸರ ಪದಗಳ ಸಾಹಿತ್ಯಕ್ಕೆ ತೊಂದರೆ ಇಲ್ಲ, ಆದರೆ ಮಟ್ಟು ಇತ್ತೀಚಿನವರದ್ದಾದರೆ ಅವರನ್ನು ಕೇಳಬೇಕು. ಪತ್ರ ಬರುವ ತನಕ ಸ್ಟುಡಿಯೋಗೆ ಮುಂಗಡ ಕೊಡಬೇಡಿ.

22ರ ಪಟ್ಟಿಯನ್ನು ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ. ಹಾಡಿನ ಹೆಸರು ಮಾತ್ರ ಬೇಡ, ಮೇಳ ಬಾಯಿ ತೆರೆಯುವ ಪ್ರತಿಯೊಂದು ಜಾಗವನ್ನೂ ಬರೆಯಿರಿ. 22 ಅಂತೂ ಇರುವುದಿಲ್ಲ, ಜಾಸ್ತಿಯೇ ಇರುತ್ತದೆ.