ಕುರ್ಚಿ ಇಳಿದವರು ಊರಿನಲ್ಲಿ ನಿಲ್ಲಬಹುದೇ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಕಂದಾಯ ಇಲಾಖೆಯಲ್ಲಿ ಮೂವತ್ತು ವರ್ಷ ಸವೆಸಿ, ಕರಾವಳಿಯ ಎರಡೂ ಜಿಲ್ಲೆಗಳಲ್ಲಿ ನಾಮಪತ್ರ ಸ್ವೀಕರಿಸುವ ಮೇಜಿನ ಹಿಂದೆ ಕುಳಿತು ನಿವೃತ್ತನಾದವನು ನಾನು. ಕೇಂದ್ರ ಸಂಪುಟ ಪುನಾರಚನೆಯ ಸುದ್ದಿ ಬಂದರೆ ಆ ವಾರ ನನಗೆ ಮದುವೆಯ ಊಟವೂ ನೆಮ್ಮದಿಯಿಂದ ಸಿಗುವುದಿಲ್ಲ. ಎಲೆಯ ತುದಿಗೆ ಉಪ್ಪು ಬೀಳುವ ಮೊದಲೇ ಪಕ್ಕದವರು ಬಾಗಿ ಕೇಳುತ್ತಾರೆ: “ಮಾರಾಯರೇ, ಅವರು ಇನ್ನು ಇಲ್ಲಿ ನಿಲ್ಲುವ ಹಾಗಿಲ್ಲವಂತೆ, ಹೌದಾ?” ಈ ತಿಂಗಳ ಪತ್ರಗಳಲ್ಲೂ ಬಹುಪಾಲು ಅದೇ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಠೇವಣಿ ಎಷ್ಟು, ಅಫಿಡವಿಟ್ ಎಂದರೇನು ಎಂದು ವಿವರಿಸುತ್ತ ಕೂರುವುದಿಲ್ಲ. ಕೆಳಗೆ ಎಲ್ಲ ಪಕ್ಷದವರ ಹೆಸರೂ ಬರುತ್ತದೆ. ಯಾರ ಪರವೂ ಅಲ್ಲ, ದಯವಿಟ್ಟು ಫೋನ್ ಮಾಡಿ ಜಗಳಕ್ಕೆ ಬರಬೇಡಿ.

ಪ್ರಶ್ನೆ: ಕೇಂದ್ರ ಸಂಪುಟದಿಂದ ಹೊರಬಂದ ಸಚಿವರು ಎರಡು ವರ್ಷ ಕಳೆಯದೆ ತಮ್ಮ ರಾಜ್ಯದಲ್ಲಿ ವಿಧಾನಸಭೆಗೆ ಸ್ಪರ್ಧಿಸುವಂತಿಲ್ಲ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನಿಜವೇ? ರಾಜ್ಯ ರಾಜಕಾರಣಕ್ಕೆ ಮರಳಲು ಏನೇನು ಆಗಬೇಕು? (ಕಟಪಾಡಿಯ ಓದುಗರು)

ಸುಳ್ಳು. ಎರಡು ವರ್ಷವೂ ಇಲ್ಲ, ಎರಡು ದಿನವೂ ಇಲ್ಲ. ಇದೇ ಸಂದೇಶವನ್ನು ನನಗೂ ಹಲವರು ಕಳುಹಿಸಿದ್ದಾರೆ, ಒಬ್ಬರು ಕಳುಹಿಸಿದ್ದರ ತಲೆಯ ಮೇಲೆ ಅಶೋಕ ಸ್ತಂಭವೂ ಇತ್ತು. ಚಿತ್ರ ಅಂಟಿಸಿದ ಮಾತ್ರಕ್ಕೆ ಕಾನೂನಾಗುವುದಿಲ್ಲ. ‘ಲಾಭದಾಯಕ ಹುದ್ದೆ’ಯಲ್ಲಿರುವವರು ಸಂಸತ್ತಿಗೂ ಶಾಸನಸಭೆಗೂ ಅನರ್ಹರು ಎಂದು ಸಂವಿಧಾನದ 102 ಮತ್ತು 191ನೇ ವಿಧಿಗಳು ಹೇಳುತ್ತವೆ, ಹೌದು. ಕೇಂದ್ರದ ಅಥವಾ ರಾಜ್ಯದ ಸಚಿವ ಸ್ಥಾನ ಆ ಲೆಕ್ಕಕ್ಕೆ ಸೇರದು ಎಂದೂ ಅಲ್ಲೇ ಬರೆದಿದೆ. ಬಿಟ್ಟ ಮೇಲೆ ಕಾಯುವ ಮಾತು ಹಾಗಿರಲಿ, ಸಚಿವರಾಗಿದ್ದುಕೊಂಡೇ ನಿಲ್ಲಬಹುದು. 2023ರ ಕೊನೆಯಲ್ಲಿ ಮಧ್ಯಪ್ರದೇಶದಲ್ಲಿ ಆದದ್ದು ಅದೇ. ಕೇಂದ್ರ ಸಚಿವರಾಗಿದ್ದ ನರೇಂದ್ರ ಸಿಂಗ್ ತೋಮರ್ ವಿಧಾನಸಭೆಗೆ ಗೆದ್ದು, ಆಮೇಲೆ ದೆಹಲಿಯ ಸ್ಥಾನ ಬಿಟ್ಟು ಅಲ್ಲಿನ ಸ್ಪೀಕರ್ ಆದರು. ಅವರ ಜೊತೆಗೇ ನಿಂತ ಫಗ್ಗನ್ ಸಿಂಗ್ ಕುಲಸ್ತೆ ಸೋತರು. ಸೋತು ದೆಹಲಿಗೆ ಹೋಗಿ ಸಚಿವರಾಗಿಯೇ ಮುಂದುವರಿದರು.

ಇನ್ನು ನಿಜವಾಗಿ ಕಾಲಿಗೆ ತೊಡರುವ ವಿಷಯಕ್ಕೆ ಬರುತ್ತೇನೆ. ಅದು ಯಾರೂ ಕೇಳದ ವಿಷಯ: ಮತದಾರರ ಪಟ್ಟಿ.

ಲೋಕಸಭೆಗೆ ನಿಲ್ಲಲು ದೇಶದ ಯಾವುದಾದರೂ ಕ್ಷೇತ್ರದ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಅದಕ್ಕೇ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಮುಂಬೈಯಲ್ಲಿ ಗೆದ್ದರು, ಬಿಹಾರದಲ್ಲಿ ಗೆದ್ದರು, ನಮ್ಮ ಕರ್ನಾಟಕದಲ್ಲಿ ಮಾತ್ರ ಗೆಲ್ಲಲಿಲ್ಲ. 2003ರ ತಿದ್ದುಪಡಿಯ ನಂತರ ರಾಜ್ಯಸಭೆಗೂ ಅದೇ ನಿಯಮ. ವಿಧಾನಸಭೆಗೆ ಹಾಗಿಲ್ಲ. 1951ರ ಜನಪ್ರಾತಿನಿಧ್ಯ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಅಭ್ಯರ್ಥಿ ಅದೇ ರಾಜ್ಯದ ಯಾವುದಾದರೊಂದು ವಿಧಾನಸಭಾ ಕ್ಷೇತ್ರದ ಮತದಾರನಾಗಿರಬೇಕು. ವಿಧಾನ ಪರಿಷತ್ತಿಗೂ ಹಾಗೆಯೇ.

ದೆಹಲಿಯಲ್ಲಿ ಬಂಗಲೆ ಸಿಕ್ಕಿತೆಂದು ಊರಿನ ಹೆಸರು ತಾನಾಗಿ ಹೋಗುವುದಿಲ್ಲ. ಸಂಸದರ, ಸಚಿವರ ಊರಿನ ವಾಸವನ್ನು 1950ರ ಇನ್ನೊಂದು ಜನಪ್ರಾತಿನಿಧ್ಯ ಕಾಯ್ದೆಯ 20ನೇ ಸೆಕ್ಷನ್ ಕಾಯುತ್ತದೆ. ತಾವಾಗಿಯೇ ಹೆಸರನ್ನು ದೆಹಲಿಗೆ ವರ್ಗಾಯಿಸಿಕೊಂಡವರದು ಬೇರೆ ಕಥೆ. ಅವರು ನಮೂನೆ 8 ತುಂಬಿ ಮರಳಿ ಊರಿನ ಪಟ್ಟಿಗೆ ಬರಬೇಕು. ನಾಮಪತ್ರಕ್ಕೆ ಕೊನೆಯ ದಿನದ ಸಮಯ ಮುಗಿದ ಮೇಲೆ ಪಟ್ಟಿಗೆ ಯಾರನ್ನೂ ಸೇರಿಸುವಂತಿಲ್ಲ. ಆಕ್ಷೇಪಣೆಗೆ ಏಳು ದಿನ ಬಿಡಬೇಕಾದ್ದರಿಂದ ಕೊನೆಯ ವಾರದಲ್ಲಿ ಓಡಿಬಂದರೂ ಪ್ರಯೋಜನವಿಲ್ಲ.

ಇನ್ನೊಂದು ಸಣ್ಣ ಕಾಗದವಿದೆ. ನಿಲ್ಲುವ ಕ್ಷೇತ್ರ ಬೇರೆ, ಹೆಸರಿರುವ ಕ್ಷೇತ್ರ ಬೇರೆ ಆದರೆ, ಆ ಪಟ್ಟಿಯ ದೃಢೀಕೃತ ನಕಲನ್ನು ನಾಮಪತ್ರದ ಜೊತೆಗೆ, ತಪ್ಪಿದರೆ ಪರಿಶೀಲನೆಯ ಹೊತ್ತಿಗೆ ಕೊಡಬೇಕು. ಹೆಸರು ಹೇಳುವುದಿಲ್ಲ, ದೊಡ್ಡ ಮನುಷ್ಯರೇ. ಐವತ್ತು ಕಾರು, ಚೆಂಡೆ, ಹೂಹಾರ ಎಲ್ಲದರೊಂದಿಗೆ ಬಂದರು. ನಕಲು ಎಲ್ಲಿ ಎಂದು ಕೇಳಿದರೆ ಕಿಸೆಯಿಂದ ಪ್ಲಾಸ್ಟಿಕ್ ಹೊದಿಸಿದ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಚೀಟಿ ಮತದಾರನ ಗುರುತಿಗೆ. ಪಟ್ಟಿಯಲ್ಲಿ ಹೆಸರಿದೆ ಎನ್ನುವುದಕ್ಕೆ ಅದು ಸಾಕ್ಷಿಯಲ್ಲ. ಎರಡು ಸಲ ಹೇಳಿದೆ. “ನನ್ನನ್ನು ನಿಮಗೆ ಗೊತ್ತಿಲ್ಲವೇ?” ಎಂದರು. ಚೆನ್ನಾಗಿ ಗೊತ್ತು, ಆದರೆ ಕಡತಕ್ಕೆ ಗೊತ್ತಿರಬೇಕಲ್ಲ. ಮರುದಿನ ಪರಿಶೀಲನೆ ಶುರುವಾಗಲು ಹತ್ತು ನಿಮಿಷ ಇರುವಾಗ ಅವರ ಹುಡುಗನೊಬ್ಬ ಬೆವರು ಒರೆಸಿಕೊಳ್ಳುತ್ತ ಬಂದ. ಭಾಗ ಸಂಖ್ಯೆ, ಕ್ರಮ ಸಂಖ್ಯೆ ಇದ್ದ ಹಾಳೆ, ಮುದ್ರೆಯ ಶಾಯಿ ಇನ್ನೂ ಒಣಗಿರಲಿಲ್ಲ. ಬೆರಳಿಗೆ ಅಂಟಿತು.

ಗೆದ್ದರು ಎಂದಿಟ್ಟುಕೊಳ್ಳಿ. ಸಚಿವ ಸ್ಥಾನ ಹೋಗಿದ್ದರೂ ಸಂಸದ ಸ್ಥಾನ ಇನ್ನೂ ಇದೆ. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಒಂದು ಸೀಟಿನಲ್ಲಿ ಕುಳಿತು ಇನ್ನೊಂದಕ್ಕೆ ಟವೆಲ್ ಹಾಕಿದ ಹಾಗೆ ಎರಡನ್ನೂ ಇಟ್ಟುಕೊಳ್ಳಲು 101ನೇ ವಿಧಿ ಬಿಡುವುದಿಲ್ಲ. ಗೆಲುವು ಗೆಜೆಟ್‌ನಲ್ಲಿ ಪ್ರಕಟವಾದ ಮೇಲೆ ಹದಿನಾಲ್ಕು ದಿನ ಇರುತ್ತದೆ. ಅಷ್ಟರಲ್ಲಿ ರಾಜ್ಯದ ಸ್ಥಾನಕ್ಕೆ ರಾಜೀನಾಮೆ ಕೊಡದಿದ್ದರೆ ಸಂಸತ್ತಿನ ಸ್ಥಾನ ತಾನಾಗಿ ಖಾಲಿ. ಸುಮ್ಮನಿದ್ದರೆ ದೊಡ್ಡ ಸ್ಥಾನ ಉಳಿಯುತ್ತದೆ ಎಂದು ತಿಳಿದಿರುವ ವಕೀಲರನ್ನೂ ನಾನು ಕಂಡಿದ್ದೇನೆ. ನಿಯಮ ಅದಕ್ಕೆ ತಿರುವುಮುರುವು.

ನೇರವಾಗಿ ಮುಖ್ಯಮಂತ್ರಿಯೋ ಸಚಿವರೋ ಆಗಿ ಬರುವವರಿಗೆ ಗೆದ್ದು ಸದನದ ಸದಸ್ಯರಾಗಲು 164ನೇ ವಿಧಿಯಲ್ಲಿ ಆರು ತಿಂಗಳ ಬಾಗಿಲಿದೆ. ರಕ್ಷಣಾ ಸಚಿವ ಸ್ಥಾನ ಬಿಟ್ಟ ಮನೋಹರ ಪರಿಕ್ಕರ್ 2017ರ ಮಾರ್ಚ್‌ನಲ್ಲಿ ಗೋವಾದ ಮುಖ್ಯಮಂತ್ರಿಯಾದರು, ಪಣಜಿಯ ಉಪಚುನಾವಣೆಯಲ್ಲಿ ಗೆದ್ದದ್ದು ಆಗಸ್ಟ್‌ನಲ್ಲಿ. ಆರು ತಿಂಗಳು ಮುಗಿಯಿತೆಂದು ಇಳಿದು, ಗೆಲ್ಲದೆಯೇ ಮತ್ತೆ ಪ್ರಮಾಣವಚನ ತೆಗೆದುಕೊಳ್ಳುವ ಉಪಾಯ ನಡೆಯದು. ಪಂಜಾಬಿನ ಪ್ರಕರಣವೊಂದರಲ್ಲಿ 2001ರಲ್ಲೇ ಸುಪ್ರೀಂ ಕೋರ್ಟ್ ಅದಕ್ಕೆ ಬೀಗ ಹಾಕಿದೆ. ಈ ಆರು ತಿಂಗಳಲ್ಲಿ ಸಂಸದ ಸ್ಥಾನವನ್ನು ಬಿಡಲೇಬೇಕೆಂದಿಲ್ಲ. 1999ರ ಏಪ್ರಿಲ್‌ನಲ್ಲಿ ಒಡಿಶಾದ ಮುಖ್ಯಮಂತ್ರಿಯಾಗಿದ್ದ ಗಿರಿಧರ್ ಗಮಾಂಗ್ ಲೋಕಸಭೆಗೆ ಬಂದು ಮತ ಹಾಕಿದ್ದು, ವಾಜಪೇಯಿ ಸರ್ಕಾರ ಒಂದು ಮತದಿಂದ ಬಿದ್ದದ್ದು ನಿಮಗೂ ನೆನಪಿರಬೇಕು.

ನಮ್ಮ ಊರಿನದೇ ಉದಾಹರಣೆ ಬೇಕೆಂದರೆ ಡಿ.ವಿ. ಸದಾನಂದ ಗೌಡರದು. 2011ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿಯಾದಾಗ ಅವರು ಉಡುಪಿ–ಚಿಕ್ಕಮಗಳೂರಿನ ಸಂಸದ, ಆಗ ಕೇಂದ್ರದ ಸಚಿವರಲ್ಲ. ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿನ ಮೂಲಕ ಸದಸ್ಯರಾದರು. ತೆರವಾದ ಲೋಕಸಭಾ ಸ್ಥಾನಕ್ಕೆ 2012ರ ಮಾರ್ಚ್‌ನಲ್ಲಿ ಉಪಚುನಾವಣೆ ನಡೆಯಿತು, ಕಾಂಗ್ರೆಸ್ಸಿನ ಜಯಪ್ರಕಾಶ್ ಹೆಗ್ಡೆ ಗೆದ್ದರು. ಮುಖ್ಯಮಂತ್ರಿ ಬಿಟ್ಟುಬಂದ ಕ್ಷೇತ್ರವೇ ಕೈತಪ್ಪಿತು, ಜುಲೈ ಹೊತ್ತಿಗೆ ಮುಖ್ಯಮಂತ್ರಿ ಸ್ಥಾನವೂ ಹೋಯಿತು. ಊರಿಗೆ ಮರಳುವವರು ಹಿಂದೆ ಬಿಟ್ಟುಬರುವ ಸ್ಥಾನದ ಲೆಕ್ಕವನ್ನೂ ಹಾಕಬೇಕು. ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಉಪಚುನಾವಣೆ ಕಡ್ಡಾಯವಲ್ಲ. 2018ರ ಮೇ ತಿಂಗಳಲ್ಲಿ ಯಡಿಯೂರಪ್ಪ, ಶ್ರೀರಾಮುಲು, ಪುಟ್ಟರಾಜು ಲೋಕಸಭೆ ಬಿಟ್ಟರು. ಶಿವಮೊಗ್ಗ, ಬಳ್ಳಾರಿ, ಮಂಡ್ಯಕ್ಕೆ ನವೆಂಬರ್‌ನಲ್ಲಿ ಮತದಾನವಾಯಿತು. ಆಂಧ್ರದ ಐವರು ಸಂಸದರ ರಾಜೀನಾಮೆ ಅಂಗೀಕಾರವಾದದ್ದು ಜೂನ್‌ನಲ್ಲಿ. ಲೋಕಸಭೆಯ ಅವಧಿ 2019ರ ಜೂನ್ 3ಕ್ಕೆ ಮುಗಿಯುವುದಿತ್ತು. ಆ ಐದು ಕ್ಷೇತ್ರಗಳು ಖಾಲಿಯೇ ಉಳಿದವು. ಕೆಲವೇ ವಾರಗಳ ಅಂತರ.

ಕಾನೂನು ಇಷ್ಟೇ. ಚೌಕಿಗೆ ಹೋದ ವೇಷ ಮತ್ತೆ ರಂಗಸ್ಥಳಕ್ಕೆ ಬರಬಾರದೆಂದು ಎಲ್ಲೂ ಬರೆದಿಲ್ಲ. ಭಾಗವತರು ಪದ ಎತ್ತಬೇಕು, ಅಷ್ಟೆ. ಚುನಾವಣೆಯಲ್ಲಿ ಆ ಪದದ ಹೆಸರು ಪಕ್ಷ ಕೊಡುವ ಬಿ ಫಾರಂ. ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಅದು ನನ್ನಂಥವನ ಮೇಜಿಗೆ ಬರದಿದ್ದರೆ ಮಾಜಿ ಕೇಂದ್ರ ಸಚಿವರೂ ಪಕ್ಷದ ಲೆಕ್ಕದಲ್ಲಿ ಅಭ್ಯರ್ಥಿಯಲ್ಲ. ಎಸ್.ಎಂ. ಕೃಷ್ಣ 2012ರ ಅಕ್ಟೋಬರ್‌ನಲ್ಲಿ ವಿದೇಶಾಂಗ ಸಚಿವ ಸ್ಥಾನ ಬಿಟ್ಟಾಗ ರಾಜ್ಯಕ್ಕೆ ಮರಳಿ ಪಕ್ಷವನ್ನು ನಡೆಸುತ್ತಾರೆಂದೇ ಪತ್ರಿಕೆಗಳು ಬರೆದವು. ಏಳು ತಿಂಗಳಲ್ಲಿ ಚುನಾವಣೆ ಬಂತು, ಪಕ್ಷ ಗೆದ್ದಿತು, ಮುಖ್ಯಮಂತ್ರಿ ಸಿದ್ದರಾಮಯ್ಯ. ಕೃಷ್ಣ ಅವರನ್ನು ತಡೆದದ್ದು ಯಾವ ಸೆಕ್ಷನ್ನೂ ಅಲ್ಲ.

ಕ್ಷೇತ್ರದ ಮಾತು ಇನ್ನೂ ಕಷ್ಟ. ದಕ್ಷಿಣ ಕನ್ನಡದಲ್ಲಿ ಎಂಟು, ಉಡುಪಿಯಲ್ಲಿ ಐದು, ಒಟ್ಟು ಹದಿಮೂರು. ಯಾವುದೂ ಯಾರಿಗೋ ಕಾದು ಖಾಲಿ ಕುಳಿತಿಲ್ಲ. ಸದಾನಂದ ಗೌಡರ ಸ್ವಂತ ತಾಲ್ಲೂಕು ಸುಳ್ಯ, ಅದು ಪರಿಶಿಷ್ಟ ಜಾತಿಗೆ ಮೀಸಲು. ಹಾಗಾಗಿ ಅವರು ಶಾಸಕರಾದದ್ದು ಪುತ್ತೂರಿನಿಂದ. 2021ರ ಜುಲೈಯಲ್ಲಿ ಕೇಂದ್ರ ಸಂಪುಟದಿಂದ ಹೊರಬಂದ ಅವರು 2023ರಲ್ಲಿ ವಿಧಾನಸಭೆಗೆ ನಿಲ್ಲಲಿಲ್ಲ. ಅದೇ ವರ್ಷ ಪುತ್ತೂರಿನಲ್ಲಿ ಟಿಕೆಟ್ ವಿಷಯಕ್ಕೆ ಬಂಡಾಯ ಎದ್ದು, ಅವರ ಪಕ್ಷದ ಅಧಿಕೃತ ಅಭ್ಯರ್ಥಿ ಮೂರನೆಯ ಸ್ಥಾನಕ್ಕೆ ಇಳಿದರು. ಹದಿನೈದು ವರ್ಷ ಗ್ರಾಮ ಪಂಚಾಯಿತಿ, ಸಹಕಾರಿ ಸಂಘ ಎಂದು ಓಡಾಡಿದ ಕಾರ್ಯಕರ್ತ, ದೆಹಲಿಯಿಂದ ಬಂದವರಿಗೆ ಮಣೆ ಹಾಕಿ ತಾನು ಜಗುಲಿಯಲ್ಲಿ ಕೂರುತ್ತಾನೆ ಎಂದುಕೊಳ್ಳುವುದು ಭ್ರಮೆ.

ನನ್ನ ಸಲಹೆ ಕೇಳಿದರೆ, ನಾನು ಅಂಜುಬುರುಕ, ಪರಿಷತ್ತಿನ ದಾರಿ ಎನ್ನುತ್ತೇನೆ. ಎರಡೂ ಜಿಲ್ಲೆ ಸೇರಿದ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಲ್ಲಿ ಎರಡು ಸ್ಥಾನಗಳಿವೆ, ಮತದಾರರು ಪಂಚಾಯಿತಿ, ಪುರಸಭೆ ಸದಸ್ಯರು. ಆದರೆ ಆ ದಾರಿಯಲ್ಲಿ ಈಗ ಎದುರು ದಿಕ್ಕಿನ ಸಂಚಾರವೇ ಜಾಸ್ತಿ. ಅಲ್ಲಿಂದಲೇ ಸದಸ್ಯರಾಗಿದ್ದ ಕೋಟ ಶ್ರೀನಿವಾಸ ಪೂಜಾರಿ 2024ರಲ್ಲಿ ಲೋಕಸಭೆಗೆ ಹೋದರು.

ಪ್ರಶ್ನೆ: ಐಎಎಸ್, ಐಪಿಎಸ್ ಅಧಿಕಾರಿಗಳಿಗಾದರೂ ಕಾಯುವ ಅವಧಿ ಇದೆಯಲ್ಲ? (ಬಂಟ್ವಾಳ)

ಎರಡು ವರ್ಷದ ಕಟ್ಟುಕಥೆ ಹುಟ್ಟಿದ್ದು ಇಲ್ಲಿಂದಲೇ ಎಂದು ನನ್ನ ಅನುಮಾನ. ನಿವೃತ್ತ ಅಧಿಕಾರಿ ಒಂದು ವರ್ಷದೊಳಗೆ ಖಾಸಗಿ ಕಂಪನಿ ಸೇರಬೇಕಾದರೆ ಸರ್ಕಾರದ ಅನುಮತಿ ಬೇಕು. ಚುನಾವಣೆಗೆ ಅಂಥ ಅವಧಿ ಇಲ್ಲ. ರಾಜೀನಾಮೆ ಅಂಗೀಕಾರವಾಗಿರಬೇಕು, ಬರೆದುಕೊಟ್ಟರೆ ಸಾಲದು. ಭ್ರಷ್ಟಾಚಾರಕ್ಕೆ ವಜಾ ಆದವರಿಗೆ ಐದು ವರ್ಷ ನಿಷೇಧ. ದಕ್ಷಿಣ ಕನ್ನಡದ ಜಿಲ್ಲಾಧಿಕಾರಿಯಾಗಿದ್ದು 2019ರಲ್ಲಿ ಹುದ್ದೆ ಬಿಟ್ಟ ಸಸಿಕಾಂತ್ ಸೆಂಥಿಲ್ ಈಗ ತಮ್ಮ ತಮಿಳುನಾಡಿನ ತಿರುವಳ್ಳೂರಿನ ಸಂಸದ. ಉಡುಪಿಯ ಎಸ್‌ಪಿ ಆಗಿದ್ದ ಅಣ್ಣಾಮಲೈ 2021ರಲ್ಲಿ ಅದೇ ರಾಜ್ಯದ ಅರವಕುರಿಚಿಯಲ್ಲಿ ನಿಂತು ಸೋತರು.

ಪ್ರಶ್ನೆ: 75 ದಾಟಿದವರು ನಿಲ್ಲುವಂತಿಲ್ಲ ಎಂಬ ಕಾನೂನು ಯಾವಾಗ ಬಂತು? (ಕಾರ್ಕಳ)

ಬಂದಿಲ್ಲ. ಪಕ್ಷದೊಳಗಿನ ರೂಢಿಯನ್ನು ಸಂವಿಧಾನಕ್ಕೆ ಹೊಲಿಯಬೇಡಿ.

ಪ್ರಶ್ನೆ: ನೋಟಾಗೆ ಹೆಚ್ಚು ಮತ ಬಂದರೆ ಮರುಚುನಾವಣೆ ಅಲ್ಲವೇ? (ಸುರತ್ಕಲ್)

ವಿಧಾನಸಭೆಗೂ ಲೋಕಸಭೆಗೂ ಅಲ್ಲ. ನೋಟಾ ಬಿಟ್ಟು ಉಳಿದವರಲ್ಲಿ ಹೆಚ್ಚು ಪಡೆದವರೇ ಗೆದ್ದಂತೆ. ಇದನ್ನು ಮತ್ತೆ ಕೇಳಬೇಡಿ.

ಪ್ರಶ್ನೆ: ರಾಜ್ಯಪಾಲರಾಗಿದ್ದವರು ಮರಳಬಹುದೇ? (ಮೂಡುಬಿದಿರೆ)

ಬಿಟ್ಟ ಮೇಲೆ ಧಾರಾಳವಾಗಿ. ಮಂಗಳೂರಿನವರೇ ಆದ ಮಾರ್ಗರೆಟ್ ಆಳ್ವ ರಾಜ್ಯಪಾಲರಾಗಿ ನಿವೃತ್ತರಾದ ಎಂಟು ವರ್ಷಕ್ಕೆ ಉಪರಾಷ್ಟ್ರಪತಿ ಚುನಾವಣೆಗೆ ನಿಂತರು. ಆ ಎಂಟು ವರ್ಷವೂ ನಿಯಮವಲ್ಲ, ಅದರಿಂದ ಹೊಸ ಸಂದೇಶ ಹೊರಡಿಸಬೇಡಿ.

ಪ್ರಶ್ನೆ: ದೆಹಲಿಯಲ್ಲಿ ಹಿಡಿತವಿರುವವರೊಬ್ಬರು ಟಿಕೆಟ್ ಕೊಡಿಸುತ್ತಾರಂತೆ, ಮುಂಗಡ ಕೇಳುತ್ತಿದ್ದಾರೆ. (ಹೆಸರು, ಊರು ಬೇಡ ಎಂದಿದ್ದಾರೆ)

ಕೊಡಬೇಡಿ. ಬೈಂದೂರಿನ ಟಿಕೆಟ್ ಹೆಸರಿನಲ್ಲಿ ಕೋಟಿಗಟ್ಟಲೆ ಹಣ ಕೈಬದಲಾದ ದೂರು 2023ರಲ್ಲಿ ಪೊಲೀಸರ ತನಕ ಹೋದದ್ದನ್ನು ನೀವು ಓದಿಲ್ಲವೇ? ಟಿಕೆಟ್ ಕೊಡಿಸುವಷ್ಟು ಹಿಡಿತವಿದ್ದರೆ ಆ ಮನುಷ್ಯ ತಾನೇ ನಿಲ್ಲುತ್ತಿದ್ದ.

ಪ್ರಶ್ನೆ: ನಾಮಪತ್ರ ಸಲ್ಲಿಸಲು ಯಾವ ಹೊತ್ತು ಒಳ್ಳೆಯದು? (ಕುಂದಾಪುರ)

ಹನ್ನೊಂದರಿಂದ ಮೂರು. ಒಮ್ಮೆ ಗುರುವಾರ ಒಬ್ಬರು ಒಂದೂವರೆಗೇ ಕಚೇರಿಯ ಅಂಗಳಕ್ಕೆ ಬಂದು ಕಾರಿನ ಒಳಗೇ ಕುಳಿತರು. ರಾಹುಕಾಲ ಕಳೆಯಲಿ ಎಂದು ಅವರ ಜ್ಯೋತಿಷಿ ಹೇಳಿದ್ದರಂತೆ. ಗುರುವಾರದ ರಾಹುಕಾಲ ಮುಗಿಯುವುದು ಮೂರಕ್ಕೆ. ಮೂರು ಹೊಡೆದ ಮೇಲೆ ಮುಖ ಒರೆಸಿಕೊಂಡು, ಶಾಲು ಸರಿಪಡಿಸಿಕೊಂಡು ಬಂದರು. ನಮ್ಮ ಪೇದೆ ಆಗಷ್ಟೇ ಬಾಗಿಲಿನ ಚಿಲಕ ಹಾಕಿದ್ದ. ಅವರ ಪುಣ್ಯ, ಶುಕ್ರವಾರ ಇನ್ನೊಂದು ದಿನ ಬಾಕಿ ಇತ್ತು.