ಹತ್ತು ಮಿಲಿಯನ್ ದಾಟಿದವರಿಗೆ ರಿಯಾಯಿತಿ

ಬಾಗಲಕೋಟೆ ನವನಗರದ ಓದುಗರೊಬ್ಬರು ಕೇಳಿದ್ದಾರೆ: ‘ಕಂಪ್ಯೂಟರ್ ಆಟ ಮಾರುವ ಎಪಿಕ್ ಆನ್‌ಲೈನ್ ಅಂಗಡಿ 2018ರಲ್ಲಿ ಶುರುವಾದಾಗಲೇ ಮಾರಾಟದಲ್ಲಿ ತನ್ನ ಪಾಲು ನೂರಕ್ಕೆ 12 ಸಾಕು ಅಂದಿತು. ಅಂಥದ್ದೇ ಅಂಗಡಿ ಸ್ಟೀಮ್ 30 ಹಿಡಿಯುತ್ತದೆ. ಆದರೂ ಗಿರಾಕಿ ಸ್ಟೀಮ್ ಬಿಟ್ಟು ಕದಲಲಿಲ್ಲ. ಹಾಗಿದ್ದರೆ ಸ್ಟೀಮ್‌ನ 30ರಲ್ಲಿ ಅನ್ಯಾಯ ಎಲ್ಲಿದೆ?’

ಸ್ಟೀಮ್ ಗಿರಾಕಿಗೆ ಸುಖ ಕೊಟ್ಟಿದೆ, ಒಪ್ಪಿದೆ. ರೂಪಾಯಿಯಲ್ಲೇ ಬೆಲೆ, ಎರಡು ಗಂಟೆಯೊಳಗೆ ಆಡಿ ಬೇಡವೆನಿಸಿದರೆ 14 ದಿನದೊಳಗೆ ಹಣ ವಾಪಸ್. ಎಪಿಕ್‌ಗೆ ಒಂದು ಶಾಪಿಂಗ್ ಕಾರ್ಟ್ ಕೊಡಲು 2021ರ ಡಿಸೆಂಬರ್ ಬರಬೇಕಾಯಿತು!

ಆದರೆ ನೀವು ಲೆಕ್ಕ ಹಾಕಿದ್ದು ಕೊಳ್ಳುವವರ ಕಡೆಯಿಂದ. ಮಾಡುವವರ ಕಡೆಯಿಂದ ಹಾಕಿ ನೋಡ್ರಿ. ₹500ರ ಆಟ. 18% ಜಿಎಸ್‌ಟಿ ಅದರೊಳಗೇ ಇದೆ. ತೆಗೆದರೆ ಸುಮಾರು ₹424. ಅಂಗಡಿಯ ಪಾಲು ₹127. ಕೈಗೆ ₹297. ಅರ್ಧ ಬೆಲೆಯ ಸೇಲ್‌ನಲ್ಲಿ ಅದೂ ಅರ್ಧ. ಒಂದೂವರೆ ಗಂಟೆಯಲ್ಲಿ ಮುಗಿಯುವ ಸಣ್ಣ ಆಟವನ್ನಂತೂ ಪೂರ್ತಿ ಆಡಿ ವಾಪಸ್ ಕೊಡಬಹುದು.

ಸ್ಟೀಮ್‌ನಲ್ಲಿ ಒಂದು ಆಟದ ಗಳಿಕೆ 1 ಕೋಟಿ ಡಾಲರ್ ದಾಟಿದರೆ ಮುಂದಿನದ್ದಕ್ಕೆ ಅಂಗಡಿಯ ಪಾಲು ನೂರಕ್ಕೆ 25, 5 ಕೋಟಿ ದಾಟಿದರೆ 20. 2018ರಲ್ಲಿ ತಂದ ನಿಯಮ ಇದು. ನಮ್ಮ ಎಪಿಎಂಸಿಯಲ್ಲಿ ಲಾರಿಗಟ್ಟಲೆ ತಂದವರಿಗೆ ದಲಾಲಿ ಇಳಿಸಿ, ಎರಡು ಚೀಲದವರಿಂದ ಪೂರ್ತಿ ಹಿಡಿದರೆ ಸುಮ್ಮನಿರುತ್ತಿದ್ದಿರಾ?

ಗಿರಾಕಿ ಯಾಕೆ ಕದಲಲಿಲ್ಲ ಅಂದಿರಲ್ಲ. ಸ್ಟೀಮ್ ಕೀಗಳನ್ನು, ಅಂದರೆ ಸ್ಟೀಮ್‌ನಲ್ಲಿ ಆಟ ತೆರೆಯುವ ಕೋಡ್‌ಗಳನ್ನು, ಆಟ ಮಾಡಿದವರು ಕಮಿಷನ್ ಇಲ್ಲದೆ ಹೊರಗೆ ಮಾರಬಹುದು, ನಿಜ. ಆದರೆ ಸ್ಟೀಮ್ ಗಿರಾಕಿಗೆ ಸಿಗದ ಅಗ್ಗದ ಬೆಲೆಗೆ ಮಾರುವಂತಿಲ್ಲ. ಬೇರೆ ಅಂಗಡಿಯಲ್ಲಿ ಮಾರುವ, ಕೀ ಅಲ್ಲದ ಪ್ರತಿಗಳ ಮೇಲೂ ಇದೇ ಒತ್ತಡ ಹಾಕುತ್ತಾರೆ ಎಂದು ಆಟ ಮಾಡುವ ವುಲ್ಫೈರ್ ಕಂಪನಿ 2021ರಲ್ಲಿ ಅಮೆರಿಕದ ಕೋರ್ಟಿಗೆ ಹೋಯಿತು. ಸ್ಟೀಮ್‌ನ ಒಡೆಯ ವಾಲ್ವ್ ಇದನ್ನು ಒಪ್ಪುವುದಿಲ್ಲ. ಆರೋಪ ನಿಜವಾದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ: ಎಪಿಕ್‌ನಲ್ಲಿ ಉಳಿದ 18ನ್ನು ಬೆಲೆಯಲ್ಲಿ ಇಳಿಸುವ ಹಾಗಿಲ್ಲ ಎಂದಮೇಲೆ ಗಿರಾಕಿ ಯಾಕೆ ಅಂಗಡಿ ಬದಲಿಸಬೇಕು?

ನಿಮ್ಮ ತಂಗಿಯ ಮಗ ಆಟ ಮಾಡುತ್ತಿದ್ದಾನೆ ಎಂದು ಕೊನೆಗೆ ಬರೆದಿದ್ದೀರಿ. ಅದನ್ನು ಮೊದಲೇ ಹೇಳಬಾರದಿತ್ತೇ! ನಮ್ಮ ಕಾಲೇಜುಗಳು ಕೋಡ್ ಕಲಿಸುತ್ತವೆ, ಮಾರುವ ಕಾಗದಪತ್ರ ಕಲಿಸುವುದಿಲ್ಲ. ಸ್ಟೀಮ್‌ಗೆ ಪ್ರತಿ ಆಟಕ್ಕೆ 100 ಡಾಲರ್ ಕಟ್ಟಬೇಕು. ಮಾರಾಟ 1,000 ಡಾಲರ್ ಮುಟ್ಟಿದ ಮೇಲೆ ಅದು ವಾಪಸ್. ಹೊಸಬರು ಹಣ ಕಟ್ಟಿ 30 ದಿನ ಕಾಯಬೇಕು, ಆಟ ಬರಲಿದೆ ಎಂದು ಹೇಳುವ ‘ಶೀಘ್ರದಲ್ಲಿ’ ಪುಟ ಕನಿಷ್ಠ ಎರಡು ವಾರ ತೆರೆದಿರಬೇಕು. ತಿಂಗಳುಗಟ್ಟಲೆ ಮೊದಲೇ ತೆರೆಯಲಿ, ಗಿರಾಕಿಗಳ ‘ಮುಂದೆ ಕೊಳ್ಳಬೇಕು’ ಎನ್ನುವ ವಿಶ್‌ಲಿಸ್ಟ್ ಸೇರುವುದೇ ಆಗ. ತೆರಿಗೆ ಫಾರ್ಮಿನಲ್ಲಿ ಪ್ಯಾನ್ ನಂಬರ್ ಬರೆದು ಭಾರತ–ಅಮೆರಿಕ ಒಪ್ಪಂದದ ದರ ಕೇಳಲಿ. ಬಿಟ್ಟರೆ ಅಮೆರಿಕದ ಮಾರಾಟದ ಪಾಲಿನಲ್ಲಿ ನೂರಕ್ಕೆ 15ರ ಬದಲು 30 ತೆರಿಗೆ ಕಡಿತ. ಜೊತೆಗೆ ಇಚ್.ಐಓ ಎಂಬ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲೂ ಇಡಲಿ. ಅಲ್ಲಿ ಅಂಗಡಿಯ ಪಾಲನ್ನು ಆಟ ಮಾಡಿದವರೇ ಗೊತ್ತು ಮಾಡುತ್ತಾರೆ, ಸೊನ್ನೆ ಇಟ್ಟರೂ ತಕರಾರಿಲ್ಲ.

— ಸಂ.