ಹೆಪ್ಪು ಕೊಡ್ತೀನಿ, ಬಾ

"ಅಕ್ಕಾ, ಗಂಡನ ಕೆಲಸದ ವೀಸಾ ಆಧಾರದ ಮೇಲೆ ಹೆಂಡತಿಗೆ ಸಿಗೋ ಎಚ್-4 ವೀಸಾದಲ್ಲಿ ಅಮೆರಿಕಕ್ಕೆ ಬಂದು ನಾಲ್ಕು ತಿಂಗಳಾಯ್ತು. ಊರಲ್ಲಿ ಲೆಕ್ಚರರ್ ಆಗಿದ್ದೆ, ಇಲ್ಲಿ ಇಂಥವರ ಹೆಂಡತಿ, ಅಷ್ಟೇ. ಮೊದಲಿನ ನಾನು ಮತ್ತೆ ಸಿಗ್ತೀನಾ?" ಅಂತ ಕೇಳಿದ್ದೀಯ. ಇಪ್ಪತ್ತೆರಡು ವರ್ಷ ನ್ಯೂಜೆರ್ಸಿಯಲ್ಲಿ ಕಳೆದವಳು ಹೇಳ್ತೀನಿ ಕೇಳು: ಅವಳು ಸಿಗೋಲ್ಲ. ಅಳಬೇಡ, ಪೂರ್ತಿ ಓದು.

ಬಂದ ಹೊಸದರಲ್ಲಿ ನಾನು ಲೈಬ್ರರಿಯಲ್ಲಿ ನಮ್ಮಂಥವರ ಕಥೆ ಹುಡುಕಿದ್ದೆ. ಭಾರತಿ ಮುಖರ್ಜಿಯ ಕಾದಂಬರಿ 'ಜಾಸ್ಮಿನ್' (1989) ಸಿಕ್ತು. ಪಂಜಾಬಿನ ಹಳ್ಳಿಯ ಜ್ಯೋತಿ ಜಾಸ್ಮಿನ್ ಆಗಿ, ಅಯೋವಾದಲ್ಲಿ ಜೇನ್ ಆಗ್ತಾಳೆ. ಹೆಸರು ಬಿಟ್ಟಷ್ಟು ಸುಲಭಕ್ಕೆ ನಾಲಿಗೆ ರುಚಿ ಬಿಡುತ್ತಾ ಅನ್ನಿಸ್ತು. ಜುಂಪಾ ಲಾಹಿರಿಯ 'ದಿ ನೇಮ್‌ಸೇಕ್'ನ ಆಶಿಮಾ ಹತ್ತಿರದವಳು. 1968, ಮ್ಯಾಸಚೂಸೆಟ್ಸ್. ತುಂಬು ಗರ್ಭಿಣಿ ರೈಸ್ ಕ್ರಿಸ್ಪೀಸ್‌ಗೆ ಕಡಲೆಬೀಜ, ಈರುಳ್ಳಿ, ಹಸಿಮೆಣಸಿನಕಾಯಿ ಕಲಸ್ತಾಳೆ. ನಮ್ಮ ಚುರುಮುರಿಯೇ! ಸಾಸಿವೆ ಎಣ್ಣೆ ಮಾತ್ರ ಇಲ್ಲ. (ಇಲ್ಲಿ ಆ ಬಾಟಲಿ ಮೇಲೆ 'ಮೈಗೆ ಹಚ್ಚಲು ಮಾತ್ರ' ಅಂತ ಬರೆದಿರುತ್ತೆ, ನೋಡಿರ್ತೀಯ.)

ಚಿತ್ರಾ ಬ್ಯಾನರ್ಜಿ ದಿವಾಕರುಣಿಯ 'ದಿ ಮಿಸ್ಟ್ರೆಸ್ ಆಫ್ ಸ್ಪೈಸಸ್'ನಲ್ಲಿ ಓಕ್ಲೆಂಡ್ ಅಂಗಡಿಯ ಮಸಾಲೆಗಳೇ ಒಡತಿಯ ಮೇಲೆ ಮುನಿಸ್ಕೊಳ್ತವೆ. ಭೌತವಿಜ್ಞಾನಿ ವಂದನಾ ಸಿಂಗ್ ಕಥೆಯೊಂದರಲ್ಲಿ ಗೃಹಿಣಿಯೊಬ್ಬಳು ಗಂಡನಿಗೆ "ನಾನೊಂದು ಗ್ರಹ" ಅಂತಾಳೆ. ಅವಳೊಳಗೆ ಪುಟ್ಟಪುಟ್ಟ ಜೀವಿಗಳ ವಾಸ. ಗಂಡನಿಗೆ ಪಾಪ, ಜನ ಏನಂದಾರು ಅನ್ನೋ ಚಿಂತೆ.

ಕಾಲೇಜಿನಲ್ಲಿರೋ ಮಗಳು ಇದಕ್ಕೆಲ್ಲ ಪೋಸ್ಟ್‌ಹ್ಯೂಮನಿಸಂ ಅಂತಾಳೆ. ಮನುಷ್ಯ ತನ್ನ ಚರ್ಮದೊಳಗೇ ಮುಗಿದುಹೋಗಲ್ಲ, ಗಿಡ, ಯಂತ್ರ, ಸೂಕ್ಷ್ಮಜೀವಿ ಎಲ್ಲ ಸೇರಿಯೇ ಅವನು ಅಂತ. ನನಗದು ಗೊತ್ತಾಗಿದ್ದು ಮೊಸರಿನಿಂದ. ಮೊದಲ ಚಳಿಗಾಲ ಹಾಲು ಹೆಪ್ಪಾಗಲೇ ಇಲ್ಲ. ಪಕ್ಕದ ಗುಜರಾತಿ ಅಜ್ಜಿ ತಮ್ಮನೆ ಹೆಪ್ಪು ಕೊಟ್ಟು, "ಓವನ್ ಒಳಗಿಡು, ದೀಪ ಮಾತ್ರ ಉರೀಲಿ" ಅಂದರು. ಅವರಿಗೆ ಅದನ್ನ ಕೊಟ್ಟಿದ್ದು ಯಾರೋ ತಮಿಳರು. ಇವತ್ತಿಗೂ ನಮ್ಮನೇಲಿ ಅದೇ ಹೆಪ್ಪು. ಊರಿಂದ ಬಂದ ಅಮ್ಮ ಒಂದು ವಾರ ಮೂಗು ಮುರಿದಳು. ಆಮೇಲೆ ಎರಡೆರಡು ಸಲ ಹಾಕಿಸ್ಕೊಂಡಳು.

ಅಂದಹಾಗೆ, ಗಂಡನ ಐ-140, ಅಂದ್ರೆ ಗ್ರೀನ್ ಕಾರ್ಡ್‌ಗೆ ಅಂತ ಕಂಪನಿ ಹಾಕೋ ಅರ್ಜಿ, ಅಪ್ರೂವ್ ಆಗಿದೆಯಾ ಕೇಳು. ಆಗಿದ್ದರೆ ನೀನೂ ಕೆಲಸದ ಪರ್ಮಿಟ್‌ಗೆ ಅರ್ಜಿ ಹಾಕಬಹುದು. 2015ರಲ್ಲಿ ಬಂದ ನಿಯಮ. ಲೈಬ್ರರಿ ಕಾರ್ಡಿಗೆ ಅದೇನೂ ಬೇಡ, ಈ ವಾರವೇ ಮಾಡಿಸ್ಕೋ.

ಶನಿವಾರ ಬಾ, ಹೆಪ್ಪು ಕೊಡ್ತೀನಿ. ಡಬ್ಬಿ ನೀನೇ ತಾ. ಹೀಗೆ ಕೊಟ್ಟ ನನ್ನ ಸ್ಟೀಲ್ ಡಬ್ಬಿಗಳಲ್ಲಿ ಒಂದೂ ವಾಪಸ್ ಬಂದಿಲ್ಲ.